ಟೂರಿನ್‌ನಾಗ ನೆನಪಾದ ಗೌಲಿ

ಹೋದ ವರ್ಷ ಇಟಲಿಗೆ ಮಗನ ಮನಿಗೆ ಹೋಗಿ ಬಂದಾಗಿಂದ ಎಲ್ಲಾರೂ ಕೇಳೋದು ಒಂದ: "ವೈನಿ, ಅಲ್ಲೆ ಊಟಕ್ಕ ಏನ್ ಮಾಡಿದ್ರಿ?" ಮನ್ಯಾಗ ಏನೂ ತ್ರಾಸ ಇರಲಿಲ್ರಿ, ಅನ್ನ, ಸಾರು, ಚಪಾತಿ ಎಲ್ಲಾ ಆಗ್ತಿತ್ತು. ಒಂದಿನ ಹೊರಗ ಉಂಡದ್ದು ಮಾತ್ರ ಹೇಳಬೇಕು.

ಅವರಿರೋದು ಟೂರಿನ್ ಊರಾಗ. ಓಣಿ ತುದಿಗೆ ಒಂದು ಸಣ್ಣ ಖಾನಾವಳಿ, ಎಂಟ ಟೇಬಲ್ ಅಷ್ಟ. ಒಂದು ಕಾಲಕ್ಕ ಫಿಯಾಟ್ ಕಾರಿನ ಫ್ಯಾಕ್ಟರಿ ಕೆಲಸಕ್ಕಂತ ದಕ್ಷಿಣದ ಮಂದಿ ಭಾಳ ಬಂದು ಆ ಊರಾಗ ನೆಲಿ ನಿಂತಾರ. ಈ ಖಾನಾವಳಿಯವರೂ ಹಂಗ ಬಾರಿ ಅನ್ನೋ ಊರ ಕಡೆಯವರು. ಕೂತ ಕೂಡ್ಲೆ ಬ್ರೆಡ್ಡಿನ ಬುಟ್ಟಿ ಇಟ್ರು. ಕೂತದ್ದಕ್ಕ ತಲಿಗೆ ಇಷ್ಟಂತ ಬಿಲ್ಲಿನ್ಯಾಗ ಬ್ಯಾರೆ ಹಚ್ತಾರಂತ! ನಾ ಅಂತೂ ಪರ್ಸಿನ್ಯಾಗ ಹಚ್ಚಿದ ಅವಲಕ್ಕಿ ಡಬ್ಬಿ ಇಟಗೊಂಡ ಹೋಗಿದ್ದೆ.

ನನ್ನ ಸೊಸಿ ಮಂಗಳೂರು ಕಡೆಯಾಕಿ, ಮೀನು ಉಣ್ಣೋ ಮನಿತನ. ಮದವಿ ಹೊತ್ತಿನ್ಯಾಗ ನಾ ಎಷ್ಟು ಮಾರಿ ಸಣ್ಣ ಮಾಡಿದ್ದೆ ಅಂತ ನಿಮಗೆಲ್ಲಾ ಗೊತ್ತದ. ಇಕಿಗೆ ನನ್ನ ಊಟದ ಕಾಳಜಿ ಎಲ್ಲಿಂದ ಬರಬೇಕು ಅನಕೊಂಡಿದ್ದೆ. ಆದ್ರ ಅಕಿ ಆ ಹುಡುಗನ್ನ ನಿಲ್ಲಿಸಿಕೊಂಡು ಐದು ನಿಮಿಷ ವಿಚಾರಿಸಿದ್ಳು. ಸೊಪ್ಪಿನ ಪಾಸ್ತಾದಾಗ ಸಣ್ಣ ಮೀನು ಹಾಕ್ತಾರಂತ, ಅದು ಬ್ಯಾಡ ಅಂತ ಬರೇ ಟೊಮೆಟೊದ್ದು ಹೇಳಿದ್ಳು. ಅವ ಚೀಸ್ ತುರಿಲಿಕ್ಕೆ ಬಂದ್ರ, ನನ್ನ ತಾಟಿನ ಮ್ಯಾಲೆ ಕೈ ಅಡ್ಡ ಹಿಡದ್ಳು.

"ಅತ್ತೆ, ಈ ಪಾರ್ಮೆಸಾನ್‌ಗೆ ಹಾಲು ಒಡೆಯಲಿಕ್ಕೆ ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು ಹಾಕ್ತಾರೆ. ನಿಮಗೆ ಬೇಡ."

ನೀವು ಬರ್ತೀರಿ ಅಂತಂದಾಗಿಂದ ಮನಿಗೂ ಅದನ್ನ ತಂದಿಲ್ಲ ಅಂದ ಮಗ. ನಾ ಅವಲಕ್ಕಿ ಡಬ್ಬಿ ಪರ್ಸಿನ ತಳಕ್ಕ ಒತ್ತಿದೆ.

ತಾಟಿನಾಗ ಇದ್ದದ್ದು ಓರೆಕಿಯೆಟ್ಟೆ, ಅಂದ್ರ ಸಣ್ಣ ಕಿವಿ. ಮೂಲ್ಯಾಗ ಮಾಲಕನ ತಾಯಿ ಕೂತು ಅದನ್ನ ಒಂದೊಂದ ಹೆಬ್ಬಟ್ಟಿಲೆ ಒತ್ತಿ ಮಾಡ್ತಿದ್ಲು. ನಮ್ಮ ಬನ್ಸಿ ರವಾ ಇರ್ತದಲ್ಲ, ಆ ಜಾತಿ ಗೋದಿನ. ಬರೇ ನೀರಿನ್ಯಾಗ ನಾದೋದು, ತತ್ತಿ ಇಲ್ಲ. ಆ ಬೆರಳು ನೋಡಿ ನಮ್ಮವ್ವ ಕಣ್ಣಮುಂದ ಬಂದ್ಳು. ಮದವಿ ಮನ್ಯಾಗ ಹೆಂಗಸರೆಲ್ಲಾ ಕೂತು ಹಿಂಗ ಅಲ್ಲೇನ ಗೌಲಿ ಹೊಸೀತಿದ್ದದ್ದು, ಸವತಿಬೀಜ ಮಾಡ್ತಿದ್ದದ್ದು? ಸೊಸಿಗೆ ಹೇಳಿದೆ.

"ನಮ್ಮ ಮದುವೆಗೂ ಮಾಡಿದ್ರಾ ಅತ್ತೆ?" ಅಂದ್ಳು.

ಮಾಡಿರಲಿಲ್ಲ. ಅಂಗಡಿ ಪಾಕೀಟ ತಂದಿದ್ದೆ. ಕೈ ನೋವು ಅಂತ ನಿಮಗೆಲ್ಲಾ ಹೇಳಿದ್ನಲ್ಲ, ಸುಳ್ಳದು. ಸಿಟ್ಟಿತ್ತು.

"ಇಲ್ಲವ್ವಾ" ಅಂದೆ, ಮತ್ತೇನೂ ಹೇಳಲಿಕ್ಕಾಗಲಿಲ್ಲ.

ಮರುದಿನ ಅಕಿ ಆ ರವಾ ತಂದ್ಳು. ಗಟ್ಟಿ ನಾದಿ ಇಬ್ಬರೂ ಕೂತ್ವಿ. ಮೂರು ತಾಸು ಹೊಸದ್ರ ಒಂದು ಬಟ್ಟಲ ಆತು, ಅಕಿವು ಒಂದು ದಪ್ಪ ಒಂದು ಸಣ್ಣ. ಬೆಲ್ಲ ಇರಲಿಲ್ಲ, ಸಕ್ರಿ ಹಾಕಿ ಪಾಯಸಾ ಮಾಡಿದ್ವಿ.