ಅಗಸಿ ಬಿದ್ದ ಮೇಲೆ

2020ರ ಮಾರ್ಚ್ ಮೂರನೇ ವಾರ. ಪುಣೆಯ ಹಿಂಜವಡಿಯಲ್ಲಿದ್ದ ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ಮುಂದೆ ಒಂದು ರಿಜಿಸ್ಟರ್, ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ. ಜನ ಒಬ್ಬೊಬ್ಬರಾಗಿ ಲಿಫ್ಟಿನಿಂದ ಇಳಿದು ಬರುತ್ತಿದ್ದರು. ಕೈಯಲ್ಲಿ ಸಿಪಿಯು, ಕಂಕುಳಲ್ಲಿ ಮಾನಿಟರ್, ಕೊರಳಿಗೆ ಹಾವಿನಂತೆ ಸುತ್ತಿಕೊಂಡ ವೈರು. ನಾನು ಸೀರಿಯಲ್ ನಂಬರ್ ಬರೆದು ಸಹಿ ಹಾಕಿಸಿಕೊಳ್ಳಬೇಕು, ಅವರು ಅದನ್ನು ಮನೆಗೆ ಒಯ್ಯಬೇಕು. ಒಂದು ವಾರದ ಹಿಂದೆ ಅದೇ ಕಟ್ಟಡದಿಂದ ಪೆನ್‌ಡ್ರೈವ್ ಹೊರಗೆ ಒಯ್ಯಲು ಮೂವರು ಮ್ಯಾನೇಜರುಗಳ ಅನುಮತಿ ಬೇಕಿತ್ತು. ಈಗ ಒಬ್ಬ ಹುಡುಗ ಇಡೀ ಕಂಪ್ಯೂಟರನ್ನು ಬೈಕಿನ ಹಿಂದೆ ಹಗ್ಗದಿಂದ ಕಟ್ಟಿಕೊಂಡು ನನಗೆ ಕೈಬೀಸಿ ಹೋದ.

24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ನಾನು ಕಂಪನಿಯ ಐಟಿ ಸೆಕ್ಯುರಿಟಿ ತಂಡದವನು. ನನ್ನ ಹತ್ತು ವರ್ಷದ ಅನುಭವವೆಲ್ಲ ಆ ಕಟ್ಟಡದ ಜೊತೆಗೇ ಬೀಗ ಬಿದ್ದು ಒಳಗುಳಿಯಿತೇನೋ ಅನ್ನಿಸಿತ್ತು.

ಯಾಕೆ ಹಾಗನ್ನಿಸಿತು ಎಂದು ಹೇಳಲು ನನ್ನ ಊರಿನ ಮಾತು ಹೇಳಬೇಕು. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಹಳ್ಳಿ. ಅಜ್ಜನ ಕಾಲದಲ್ಲಿ ಊರಿಗೆ ಅಗಸಿ ಇತ್ತು. ಅಗಸಿ ಅಂದರೆ ಊರ ಹೆಬ್ಬಾಗಿಲು. ರಾತ್ರಿ ಅದನ್ನು ಹಾಕಿದರೆ ಒಳಗಿನ ಮನೆಗಳಿಗೆ ಕೀಲಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒಳಗಿದ್ದವರು ನಮ್ಮವರು, ಹೊರಗಿದ್ದವರು ಪರಕೀಯರು. ನಮ್ಮ ಆಫೀಸೂ ಹಾಗೆಯೇ ಇತ್ತು. ಗೇಟಿನಲ್ಲಿ ಐಡಿ ಕಾರ್ಡ್, ಕ್ಲೈಂಟ್ ಕೆಲಸ ನಡೆಯುವ ಮಹಡಿಗೆ ಬೇರೆ ಕಾರ್ಡ್, ಮೊಬೈಲ್ ಲಾಕರಿನಲ್ಲಿ. ಇಷ್ಟು ದಾಟಿ ಒಳಗೆ ಬಂದ ಕಂಪ್ಯೂಟರನ್ನು ನಮ್ಮ ನೆಟ್‌ವರ್ಕ್ ಏನೂ ಕೇಳದೆ ನಂಬುತ್ತಿತ್ತು.

ಮುಂದೆ ಊರಲ್ಲಿ ಬೋರ್‌ವೆಲ್ ಬಂದವು, ದ್ರಾಕ್ಷಿ ಬಂತು. ಜನ ಊರು ಬಿಟ್ಟು ತಂತಮ್ಮ ಹೊಲದಲ್ಲಿ ಮನೆ ಕಟ್ಟಿಕೊಂಡರು. ಅದಕ್ಕೆ ನಮ್ಮಲ್ಲಿ ವಸ್ತಿ ಅನ್ನುತ್ತಾರೆ. ವಸ್ತಿಗೆ ಅಗಸಿ ಇಲ್ಲ. ಪ್ರತಿ ಮನೆಗೂ ಅದರದೇ ಕೀಲಿ, ಅದರದೇ ನಾಯಿ. ಕತ್ತಲಲ್ಲಿ ಯಾರೇ ಬಂದರೂ, ಸ್ವಂತ ಅಣ್ಣನೇ ಬಂದರೂ, ಮೊದಲ ಮಾತು "ಯಾರದು?". 2020ರ ಏಪ್ರಿಲ್‌ನಲ್ಲಿ ನಮ್ಮ ಕಂಪನಿಯವರೆಲ್ಲ ಒಂದೇ ವಾರದಲ್ಲಿ ವಸ್ತಿಗೆ ಹೋಗಿಬಿಟ್ಟಿದ್ದರು. ಕೀಲಿಯೂ ಇರಲಿಲ್ಲ, ನಾಯಿಯೂ ಇರಲಿಲ್ಲ.

ಮೊದಲ ತಿಂಗಳು ನೆನಪಾದರೆ ಈಗ ನಗು ಬರುತ್ತದೆ. ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ದಾರಿ ವಿಪಿಎನ್. ನಮ್ಮದು ಹತ್ತರಲ್ಲಿ ಒಬ್ಬರು ಬಳಸುತ್ತಾರೆ ಎಂಬ ಲೆಕ್ಕದಲ್ಲಿ ಕೊಂಡದ್ದು. ಹತ್ತಕ್ಕೆ ಹತ್ತೂ ಜನ ಬಂದಾಗ ಅದು ಹಬ್ಬದ ದಿನದ ಸೊಲ್ಲಾಪುರ ಬಸ್ಸಿನಂತಾಯಿತು. ವಿಡಿಯೊ ಮೀಟಿಂಗ್‌ಗಳನ್ನು ವಿಪಿಎನ್‌ನಿಂದ ಹೊರಗೆ, ನೇರ ಇಂಟರ್ನೆಟ್ಟಿಗೆ ಬಿಟ್ಟ ಮೇಲೆ ಸ್ವಲ್ಪ ಉಸಿರಾಡಿತು. ಅಷ್ಟರಲ್ಲಿ ಪಾಸ್‌ವರ್ಡ್ ಗೋಳು. ನಮ್ಮಲ್ಲಿ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮವಿತ್ತು. ಅವಧಿ ಮುಗಿದರೆ ವಿಪಿಎನ್ ತೆರೆಯದು. ಪಾಸ್‌ವರ್ಡ್ ಬದಲಿಸಬೇಕೆಂದರೆ ವಿಪಿಎನ್ ಬೇಕು. ಹುಚ್ಚು ಬಿಡದ ಹೊರತು ಮದುವೆ ಇಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಮೇ ತಿಂಗಳಿಡೀ ಫೋನಿನಲ್ಲಿ ಜನರ ಹುಚ್ಚು ಬಿಡಿಸುವುದೇ ನನ್ನ ಕೆಲಸವಾಗಿತ್ತು.

ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ವಿಂಡೋಸಿನ ಭದ್ರತಾ ಅಪ್‌ಡೇಟುಗಳು ಆಫೀಸಿನೊಳಗಿನ ಸರ್ವರಿನಿಂದ ಹೋಗುತ್ತಿದ್ದವು. ಮನೆ ಸೇರಿದ ಯಂತ್ರಗಳಿಗೆ ಅವು ತಲುಪುತ್ತಲೇ ಇರಲಿಲ್ಲ. ಎರಡು ತಿಂಗಳ ಬಳಿಕ ಲೆಕ್ಕ ತೆಗೆದಾಗ ಎದೆ ಝಲ್ಲೆಂದಿತು. ಆಮೇಲೆ ಅದನ್ನೆಲ್ಲ ಕ್ಲೌಡಿಗೆ ಸಾಗಿಸಿದೆವು. ಯಂತ್ರ ಎಲ್ಲೇ ಇರಲಿ, ಇಂಟರ್ನೆಟ್ ಸಿಕ್ಕರೆ ಅಪ್‌ಡೇಟ್ ಸಿಗಬೇಕು. ಲಾಗಿನ್ ಆಗುವವರು ಯಾರು, ಯಂತ್ರ ನಮ್ಮದೇ, ಅದರ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಇವನ್ನು ಪ್ರತಿ ಸಲವೂ ಕೇಳಬೇಕು. ಈ ಪದ್ಧತಿಗೆ ಝೀರೋ ಟ್ರಸ್ಟ್ ಎಂದು ಹೆಸರು. ಹೊಸದೇನಲ್ಲ. ಗೂಗಲ್ ತನ್ನ ಒಳಗೇ ಇದನ್ನು ಮಾಡಿಕೊಂಡ ಬಗೆಯನ್ನು 2014ರಲ್ಲೇ ಬರೆದು ಪ್ರಕಟಿಸಿತ್ತು, ಅಮೆರಿಕದ ನಿಸ್ಟ್ ಸಂಸ್ಥೆ ಅದರ ಕೈಪಿಡಿಯನ್ನು 2020ರ ಆಗಸ್ಟ್‌ನಲ್ಲಿ ಹೊರತಂದಿತು. ಓದುತ್ತ ನನಗೆ ಕಂಡದ್ದು ನಮ್ಮ ವಸ್ತಿಯ "ಯಾರದು?".

ಯಂತ್ರಗಳನ್ನು ಹೀಗೆ ಸರಿಮಾಡುವುದು ನನಗೆ ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ತಪ್ಪಿದೆ.

2020ರ ಜೂನ್‌ನಲ್ಲಿ ಒಬ್ಬ ಹುಡುಗ ತನ್ನ ಮನೆಯ ಕೆಲಸದ ಮೇಜಿನ ಫೋಟೊ ತೆಗೆದು ಸೋಷಿಯಲ್ ಮೀಡಿಯಾಕ್ಕೆ ಹಾಕಿದ. ಆಗ ಎಲ್ಲರೂ ಹಾಕುತ್ತಿದ್ದರು. ಅವನ ಫೋಟೊದಲ್ಲಿ ಸ್ಕ್ರೀನಿನ ಮೇಲೆ ಕ್ಲೈಂಟಿನ ಹೆಸರು ಕಾಣುತ್ತಿತ್ತು, ಮಾನಿಟರಿನ ಅಂಚಿಗೆ ಪಾಸ್‌ವರ್ಡ್ ಬರೆದ ಹಳದಿ ಚೀಟಿ ಅಂಟಿಸಿತ್ತು. ಅವನಿಗೆ ಫೋನ್ ಮಾಡಿ ತೆಗೆಸಿದ್ದರೆ ಮುಗಿಯುತ್ತಿತ್ತು. ನಾನು ಆ ಫೋಟೊವನ್ನೇ ಇಡೀ ಕಂಪನಿಗೆ ಮೇಲ್ ಮಾಡಿದೆ. ಪಾಸ್‌ವರ್ಡನ್ನೂ ಹೆಸರನ್ನೂ ಮಸುಕು ಮಾಡಿದ್ದೆ, "ಹೀಗೆ ಮಾಡಬೇಡಿ" ಎಂದು ಮೇಲೆ ಬರೆದಿದ್ದೆ. ಆದರೆ ಗೋಡೆಯ ಮೇಲಿನ ಕ್ರಿಕೆಟ್ ಪೋಸ್ಟರ್ ಮಸುಕು ಮಾಡಿರಲಿಲ್ಲ. ವಿಡಿಯೊ ಕಾಲ್‌ಗಳಲ್ಲಿ ದಿನವೂ ಆ ಪೋಸ್ಟರ್ ನೋಡುತ್ತಿದ್ದ ಅವನ ತಂಡಕ್ಕೆ ಅದು ಯಾರ ಮನೆ ಎಂದು ಒಂದು ಕ್ಷಣಕ್ಕೆ ಗೊತ್ತಾಯಿತು. ಅವತ್ತು ಹಿರಿಯರೊಬ್ಬರು ನನ್ನನ್ನು ಹೊಗಳಿದರು. ಜನಕ್ಕೆ ಸ್ವಲ್ಪ ಭಯ ಇರಬೇಕು ಅಂದರು. ನನಗೂ ಸರಿ ಅನ್ನಿಸಿತು.

ಎರಡು ವರ್ಷ ಕಳೆಯಿತು. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆ ಎಂಬ ಹೈಬ್ರಿಡ್ ಪದ್ಧತಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಗೆ ನುಗ್ಗಿದವನ ಸುದ್ದಿ ಬಂತು. ಅವನು ಯಾವ ಗೋಡೆಯನ್ನೂ ಒಡೆಯಲಿಲ್ಲ. ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ಸಿಕ್ಕಿತ್ತು. ಅದರಿಂದ ಮತ್ತೆ ಮತ್ತೆ ಲಾಗಿನ್ ಯತ್ನಿಸುತ್ತ, ಆ ನೌಕರನ ಫೋನಿಗೆ "ಒಪ್ಪಿಗೆಯೇ?" ಎಂಬ ನೋಟಿಫಿಕೇಶನ್ ಮೇಲಿಂದ ಮೇಲೆ ಹೋಗುವಂತೆ ಮಾಡಿದ. ಕೊನೆಗೆ ವಾಟ್ಸಾಪಿನಲ್ಲಿ ತಾನು ಐಟಿ ವಿಭಾಗದವನು ಎಂದು ನಂಬಿಸಿದ. ನೌಕರ ಒಪ್ಪಿಗೆ ಒತ್ತಿದ. ನಾನು ಇದನ್ನು ವಿವರಿಸಿ ಎಲ್ಲರಿಗೂ ಮೇಲ್ ಕಳಿಸಿದೆ, ದಪ್ಪ ಕೆಂಪಕ್ಷರದಲ್ಲಿ.

ಮರುತಿಂಗಳು ದೀಪಾವಳಿ. ನಾಲ್ಕು ದಿನ ಮೊದಲೇ ಊರಿಗೆ ಬಂದು ವಸ್ತಿಯ ಪಡಸಾಲೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು. ಮರಾಠವಾಡದ ತನ್ನೂರಿನಿಂದ ಕೆಲಸ ಮಾಡುತ್ತಿದ್ದ, ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿ. ದನಿ ನಡುಗುತ್ತಿತ್ತು. ಹಿಂದಿನ ರಾತ್ರಿ ಹನ್ನೊಂದೂವರೆಗೆ ಅವಳ ಫೋನಿಗೂ ಹಾಗೆಯೇ ಒಂದರ ಹಿಂದೆ ಒಂದು ನೋಟಿಫಿಕೇಶನ್. ಆಮೇಲೆ ಹೆಲ್ಪ್‌ಡೆಸ್ಕಿನವರೆಂದು ಒಬ್ಬನ ಕರೆ. ಅವಳ ಎಂಪ್ಲಾಯಿ ನಂಬರನ್ನೂ ಮ್ಯಾನೇಜರ್ ಹೆಸರನ್ನೂ ಸರಿಯಾಗಿ ಹೇಳಿದ. "ಸಿಸ್ಟಮ್ ಕೆಟ್ಟಿದೆ, ಒಮ್ಮೆ ಒಪ್ಪಿಗೆ ಒತ್ತಿ, ಇದು ನಿಲ್ಲುತ್ತದೆ" ಅಂದ. ಒತ್ತಿದಳು. ಹತ್ತೇ ನಿಮಿಷದಲ್ಲಿ ಅವಳಿಗೆ ತಪ್ಪು ತಿಳಿದಿತ್ತು.

ನಾವು ಅವಳ ಅಕೌಂಟ್ ಮುಚ್ಚಿ ಲಾಗ್‌ಗಳನ್ನು ತೆಗೆದೆವು. ಒಳಬಂದವನು ರಾತ್ರಿಯಿಡೀ ಅವಳ ಮೇಲ್ ಓದಿದ್ದ, ಒಂದು ಪ್ರಾಜೆಕ್ಟಿನ ಫೋಲ್ಡರನ್ನು ಇಳಿಸಿಕೊಂಡಿದ್ದ, ಬೆಳಿಗ್ಗೆ ಅವಳ ಹೆಸರಿನಲ್ಲಿ ಇಬ್ಬರಿಗೆ ಲಿಂಕ್ ಕಳಿಸಿದ್ದ. ಅವರು ಒತ್ತಲಿಲ್ಲ ಎಂಬುದೊಂದು ಪುಣ್ಯ. ಅದೇ ವರ್ಷದ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಅದನ್ನು ಮಾಡಿದೆವು, ಕ್ಲೈಂಟಿಗೂ ಹೇಳಿದೆವು. ಅವರು ನಮ್ಮ ತಂಡಕ್ಕೆ ಹೊಸ ಕೆಲಸ ಕೊಡುವುದನ್ನು ಮೂರು ತಿಂಗಳು ನಿಲ್ಲಿಸಿದರು.

ಸಂಜೆ ನಾನು ಅವಳನ್ನು ಕೇಳಿದೆ, "ರಾತ್ರಿಯೇ ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸರ್, ಫೋಟೊ ಮೇಲ್‌ನಲ್ಲಿ ಬಂದಿತ್ತಲ್ಲ, ಆ ಹುಡುಗನ ತಂಡಕ್ಕೇ ನಾನು ಸೇರಿದ್ದು. ಅವನು ಬಿಟ್ಟುಹೋದ ಮೇಲೂ ಅಲ್ಲಿ ಅವನನ್ನು ಹಳದಿ ಚೀಟಿ ಎಂದೇ ಕರೆಯುತ್ತಾರೆ. ಸೇರಿದ ಮೊದಲ ವಾರವೇ ನನಗೆ ಆ ಕಥೆ ಹೇಳಿದ್ದರು."

ಅವಳು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವಂತೆ. ನನ್ನ ನಂಬರ್ ಒತ್ತುವುದು, ಕತ್ತರಿಸುವುದು.

ಆ ರಾತ್ರಿ ಹನ್ನೆರಡಾದರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅಪ್ಪ ಮೋಟಾರು ಚಾಲೂ ಮಾಡಲು ಎದ್ದವರು ಬಂದು ಪಕ್ಕ ಕೂತರು. ಏನಾಯಿತೆಂದು ಕೇಳಿದರು, ತಿಳಿಯುವಷ್ಟು ಹೇಳಿದೆ. ಅವರು ನನಗೆ ಗೊತ್ತಿದ್ದ ಹಳೆಯ ಸಂಗತಿಯನ್ನೇ ಹೇಳಿದರು.

"ಬಾಜೂ ಹೊಲದಾಂವನ ಬೋರಿನ ಕೇಬಲ್ ಕಡದು ಒಯ್ದಿದ್ರಲ್ಲ, ನೆನಪೈತೇನು? ಅವತ್ತು ಅಂವ ಕಾವಲಿಗೆ ಬರದ ಊರಾಗ ಮಲಗಿದ್ದ. ಅವರಣ್ಣ ಬೈತಾನಂತ ಯಾರಿಗೂ ಹೇಳಲಿಲ್ಲ. ಮರುದಿನ ರಾತ್ರಿ ನಮ್ಮ ಕೇಬಲ್ಲೂ ಹೋತು. ಅಂವ ಒಂದು ಮಾತು ಕೂಗಿ ಹೇಳಿದ್ರ ನಾವು ಎಚ್ಚರ ಇರತಿದ್ವಿ."

"ಮತ್ತ ನೀವು ಅಂವಗ ಏನಂದ್ರಿ?"

"ಅನ್ನೂದೇನು? ಅನ್ನೂದೆಲ್ಲ ಅವರಣ್ಣ ಮೊದಲ ಅಂದು ಇಟ್ಟಿದ್ನಲ್ಲ, ಅದಕ್ಕ ಹಂಗಾತು" ಎಂದು ಎದ್ದು ಮೋಟಾರಿನ ಕಡೆ ಹೋದರು.

ಹಬ್ಬ ಮುಗಿಸಿ ಪುಣೆಗೆ ಬಂದಾಗ ವರದಿ ಬರೆಯುವ ಸರದಿ ನನ್ನದು. ಅದರಲ್ಲಿ ಮೂಲ ಕಾರಣ ಎಂಬ ಕಾಲಂ ಇರುತ್ತದೆ. ನೌಕರರ ನಿರ್ಲಕ್ಷ್ಯ ಎಂದು ಬರೆದರೆ ಎಲ್ಲರಿಗೂ ಅನುಕೂಲ. ಎಚ್‌ಆರ್‌ನವರು ಆಗಲೇ ಅವಳ ಫೈಲ್ ತರಿಸಿದ್ದರು, ಕ್ಲೈಂಟಿಗೂ ಒಂದು ತಲೆ ತೋರಿಸಿದಂತಾಗುತ್ತಿತ್ತು. ಎರಡು ದಿನ ಆ ಕಾಲಂ ಖಾಲಿ ಇಟ್ಟುಕೊಂಡು ಓಡಾಡಿದೆ. ಕೊನೆಗೆ ಎರಡು ಕಾರಣ ಬರೆದೆ. ಒಂದು, ಒಂದೇ ಬೆರಳಿನಲ್ಲಿ ಒಪ್ಪಿಗೆ ಒತ್ತಬಹುದಾದ ವ್ಯವಸ್ಥೆ. ಎರಡು, ತಪ್ಪನ್ನು ಹೇಳಿಕೊಳ್ಳಲು ಹೆದರುವ ವಾತಾವರಣ, ಅದನ್ನು ಬೆಳೆಸಿದ 2020ರ ಜೂನ್ ತಿಂಗಳ ನನ್ನ ಮೇಲ್. ಒಪ್ಪಿಗೆ ಒತ್ತಿದ್ದು ಒಂದು ಸೆಕೆಂಡಿನ ಮಾತು, ಉಳಿದ ಹನ್ನೊಂದು ಗಂಟೆ ನನ್ನ ಲೆಕ್ಕಕ್ಕೆ ಸೇರಬೇಕು ಎಂದೆ. ಆ ವರ್ಷ ನನ್ನ ರೇಟಿಂಗ್ ಕೆಳಗಿಳಿಯಿತು. ಅವಳ ಕೆಲಸ ಉಳಿಯಿತು.

ಆಮೇಲೆ ಮಾಡಿದ ಬದಲಾವಣೆಗಳು ಸರಳ. ಈಗ ಒಪ್ಪಿಗೆ ಕೊಡಬೇಕಾದರೆ ಕಂಪ್ಯೂಟರಿನ ಸ್ಕ್ರೀನಿನಲ್ಲಿ ಕಾಣುವ ಎರಡಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಒತ್ತಬೇಕು. ಮೈಕ್ರೋಸಾಫ್ಟ್ ತನ್ನ ಆ್ಯಪಿನಲ್ಲಿ 2023ರ ಮೇ ತಿಂಗಳಿನಿಂದ ಇದನ್ನು ಕಡ್ಡಾಯ ಮಾಡಿತು, ನಾವು ಅದಕ್ಕೂ ಮೊದಲೇ ಮಾಡಿಕೊಂಡೆವು. 45 ದಿನದ ಪಾಸ್‌ವರ್ಡ್ ನಿಯಮ ಹೋಯಿತು. ಜನ ಕೊನೆಯ ಅಂಕಿ ಮಾತ್ರ ಬದಲಿಸುತ್ತಿದ್ದರು, ಚೀಟಿ ಅಂಟಿಸುತ್ತಿದ್ದರು. ಆ ಹಳದಿ ಚೀಟಿಗೂ ನಮ್ಮ ನಿಯಮವೇ ಕಾರಣ ಎಂದು ನನಗೆ ಆಗ ಹೊಳೆಯಿತು. ಮುಖ್ಯವಾಗಿ, ದಿನದ 24 ಗಂಟೆಯೂ ಎತ್ತುವ ಒಂದು ಫೋನ್ ನಂಬರ್ ಇಟ್ಟೆವು. ಯಾರೇ ಏನೇ ತಪ್ಪು ಹೇಳಿಕೊಂಡರೂ ಎತ್ತಿದವರ ಮೊದಲ ಮಾತು "ಹೇಳಿದ್ದು ಒಳ್ಳೆಯದಾಯಿತು" ಎಂದೇ ಇರಬೇಕು. ಮೊದಲ ಆರು ತಿಂಗಳು ಕರೆಗಳು ಎಷ್ಟು ಹೆಚ್ಚಿದವೆಂದರೆ ಮೇಲಿನವರು ಗಾಬರಿಯಾದರು. ತಪ್ಪುಗಳು ಹೆಚ್ಚಿಲ್ಲ, ಕೇಳಿಸತೊಡಗಿವೆ ಅಷ್ಟೇ ಎಂದು ತಿಳಿಸಿ ಹೇಳಬೇಕಾಯಿತು.

ಇದನ್ನು ಓದುವವರಲ್ಲಿ ಬಹಳ ಮಂದಿ ನನ್ನ ಹಾಗೆ ಅರ್ಧ ಆಫೀಸು, ಅರ್ಧ ಮನೆ ಇರುವವರೇ. ನಿಮಗೂ ಎರಡು ಮಾತು. ಮನೆಯ ವೈಫೈ ರೌಟರಿನ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಹಾಗೇ ಇದ್ದರೆ ಇವತ್ತೇ ಬದಲಿಸಿ. ಮನೆಯ ಸ್ವಂತ ಕಂಪ್ಯೂಟರಿನಲ್ಲಿ ಆಫೀಸಿನ ಕೆಲಸ ತೆರೆಯಬೇಡಿ. 2022ರಲ್ಲಿ ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಗೇ ಕನ್ನ ಬಿದ್ದದ್ದು ಅವರ ಎಂಜಿನಿಯರೊಬ್ಬನ ಮನೆಯ ಕಂಪ್ಯೂಟರಿನಲ್ಲಿದ್ದ ಮೀಡಿಯಾ ಸಾಫ್ಟ್‌ವೇರಿನ ಮೂಲಕ. ಹೆಲ್ಪ್‌ಡೆಸ್ಕಿನವರೆಂದು ಯಾರಾದರೂ ಕರೆ ಮಾಡಿದರೆ ಕತ್ತರಿಸಿ, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಮಾಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹಣದ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಲು ಹೇಳಿಕೊಡಿ. ಅದಕ್ಕೂ ಮೊದಲು, ಮೋಸ ಹೋದರೆ ನೀವು ಬೈಯುವುದಿಲ್ಲ ಎಂದು ಅವರಿಗೆ ಹೇಳಿಡಿ.

ಕಳೆದ ವರ್ಷ ಊರಿನಿಂದ ಬರುವಾಗ ಸೊಲ್ಲಾಪುರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಫೋನ್ ಕಳುವಾಯಿತು. ಎಲ್ಲ ಒಪ್ಪಿಗೆಗಳೂ ಇರುವ ಫೋನ್. ಚಹಾದ ಅಂಗಡಿಯವನ ಮೊಬೈಲ್ ಬೇಡಿ ಅದೇ ನಂಬರಿಗೆ ಕರೆ ಮಾಡಿದೆ. ಹೆಸರು ಹೇಳುವಾಗ ನಾಲಿಗೆ ತಡವರಿಸಿತು. ಎತ್ತಿದ ಹೊಸ ಹುಡುಗ, "ಹೇಳಿದ್ದು ಒಳ್ಳೆಯದಾಯಿತು ಸರ್" ಅಂದ. ನಾನೇ ಬರೆದುಕೊಟ್ಟ ಮಾತು. ಆದರೂ ಕೇಳಿದಾಗ ಎದೆ ಹಗುರಾಯಿತು.

ಪುಣೆ ಮುಟ್ಟಿ ಹೊಸ ಸಿಮ್ ಹಾಕಿಕೊಂಡ ದಿನ, ಹಳೆಯ ಸಹೋದ್ಯೋಗಿಗಳನ್ನು ಕೇಳಿ ಆ ಫೋಟೊದ ಹುಡುಗನ ನಂಬರ್ ತೆಗೆದುಕೊಂಡು ಕರೆ ಮಾಡಿದೆ. ಈಗ ಬೇರೆ ಊರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಆ ಮೇಲ್ ಕಳಿಸಬಾರದಿತ್ತು, ತಪ್ಪಾಯಿತು ಎಂದೆ. "ಅಯ್ಯೋ, ಯಾವ ಕಾಲದ ಮಾತು ಸರ್" ಎಂದು ನಕ್ಕ. ಮದುವೆ, ಮಗು, ಹೈಬ್ರಿಡ್ ಎಲ್ಲ ಮಾತಾಡಿದೆವು. ಫೋನ್ ಇಡುವ ಮುಂಚೆ ಅವನೇ ಅಂದ, "ಆ ಪೋಸ್ಟರ್ ನಾನು ಅವತ್ತೇ ಕಿತ್ತುಹಾಕಿದೆ ಸರ್."