ಕೋಟೆಯೊಳಗೊಂದು ಕೋಣೆ

ಮಕ್ಕಳೇ, ನಮ್ಮ ಕಡೆ 'ಹೋಟೆಲಿಗೆ ಹೋಗೋಣ' ಎಂದರೆ ಮಸಾಲೆ ದೋಸೆ ತಿನ್ನಲು ಹೊರಟೆವು ಎಂದೇ ಅರ್ಥ. ರಾತ್ರಿ ತಂಗುವ ಜಾಗಕ್ಕೆ ಲಾಡ್ಜ್ ಎಂಬ ಬೇರೆ ಹೆಸರೇ ಇದೆ. ಕೆನಡಾ ದೇಶದ ಕೆಬೆಕ್ ನಗರದಲ್ಲಿ ಈ ಪದದ ಅವತಾರ ಇನ್ನೂ ಸ್ವಾರಸ್ಯ. ಅಲ್ಲಿನವರ ಮಾತು ಫ್ರೆಂಚ್. ಅವರು 'ಹ' ಅಕ್ಷರವನ್ನು ನುಂಗಿ 'ಒತೆಲ್' ಎನ್ನುತ್ತಾರೆ. ಊರ ನಡುವೆ 'ಒತೆಲ್ ದ ವಿಲ್' ಎಂಬ ಭಾರಿ ಕಟ್ಟಡವಿದೆ. ಒಳಗೆ ಹೋಗಿ ರೂಮು ಕೇಳಿದರೆ ನಗುತ್ತಾರೆ, ಏಕೆಂದರೆ ಅದು ನಗರಸಭೆಯ ಕಚೇರಿ. ಸ್ವಲ್ಪ ದೂರದಲ್ಲೇ 'ಒತೆಲ್ ದ್ಯೂ', ಅಂದರೆ ದೇವರ ಮನೆ. ಅದು ಆಸ್ಪತ್ರೆ! 1639ರಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ರೋಗಿಗಳ ಸೇವೆ ಮಾಡಿದರು. ಹಳೆಯ ಫ್ರೆಂಚಿನಲ್ಲಿ ಒತೆಲ್ ಎಂದರೆ ದೊಡ್ಡ ಮನೆ ಅಂತಲೂ ಆಗುತ್ತದಂತೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನನ್ನ ಮೊಮ್ಮಗಳು ಪುಟ್ಟಿ. ಅವಳಿಗೆ ಹತ್ತು ವರ್ಷ. ಮಗಳು, ಅಳಿಯ ಇರುವುದು ಮಾಂಟ್ರಿಯಲ್‌ನಲ್ಲಿ. ಅದು ಕೆಬೆಕ್ ಪ್ರಾಂತ್ಯದ ದೊಡ್ಡ ಊರು. ಕೆಬೆಕ್ ನಗರ ಅಲ್ಲಿಂದ ಸುಮಾರು 250 ಕಿಲೋಮೀಟರು. ಆ ಪ್ರಾಂತ್ಯದಲ್ಲಿ 1977ರ ಭಾಷಾ ಕಾನೂನಿನಂತೆ, ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳು ಸಾಮಾನ್ಯವಾಗಿ ಸರ್ಕಾರಿ ಶಾಲೆಯಲ್ಲಿ ಫ್ರೆಂಚಿನಲ್ಲೇ ಓದಬೇಕು. ಹಾಗಾಗಿ ಪುಟ್ಟಿಗೆ ಶಾಲೆಯಲ್ಲಿ ಫ್ರೆಂಚ್, ಗೆಳತಿಯರ ಜೊತೆ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಮನೆಯ ಕನ್ನಡವೂ ಕಿವಿಗೆ ಮಾತ್ರ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಅಷ್ಟಾಗಿ ಬಾರದ ಅವಳ ಅಜ್ಜಿಗೆ ಇದೊಂದು ಕೊರಗು.

ಹೋದ ಸಲ ಅಲ್ಲಿದ್ದಾಗ ನಾನೊಂದು ನಿರ್ಧಾರ ಮಾಡಿದೆ. ಅಳಿಯ ದುಡ್ಡು ಹಾಕಿ ಕಾರಿನಲ್ಲಿ ಸುತ್ತಿಸುವುದು ಇದ್ದದ್ದೇ. ಒಂದು ಪ್ರವಾಸವಾದರೂ ತಾತ, ಅಜ್ಜಿ ಕರೆದುಕೊಂಡು ಹೋದದ್ದು ಎಂದು ಪುಟ್ಟಿಗೆ ನೆನಪಿರಬೇಕು. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಒಂದು ಠೇವಣಿಯ ಬಡ್ಡಿ, 45,000 ರೂಪಾಯಿ, ಇದಕ್ಕೆಂದೇ ಎತ್ತಿಟ್ಟೆ. ಡಾಲರಿಗೆ 60 ರೂಪಾಯಿ ಹಿಡಿದರೆ 750 ಡಾಲರ್. ಮೂರು ಜನ, ಎರಡು ರಾತ್ರಿ. ಬಸ್ಸು, ರೂಮು, ಊಟ ಎಲ್ಲ ಅದರಲ್ಲೇ. ಇನ್ನೊಂದು ಷರತ್ತು ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ್ದು. ನನ್ನವಳಿಗೆ ಮಂಡಿ ನೋವು. ಕೆಬೆಕ್ ನಗರವೋ, ಬಂಡೆಯ ಮೇಲೊಂದು ಊರು, ಬಂಡೆಯ ಬುಡದಲ್ಲೊಂದು ಊರು. ನಡುವೆ ಇರುವ ಒಂದು ಮೆಟ್ಟಿಲ ಸಾಲಿಗೆ ಅವರೇ ಇಟ್ಟಿರುವ ಹೆಸರು 'ಕುತ್ತಿಗೆ ಮುರಿಯುವ ಮೆಟ್ಟಿಲು'!

ಕೆಬೆಕ್ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ಭಾಷೆಯದು. ನದಿ ಕಿರಿದಾಗುವ ಜಾಗ ಎಂದು ಅರ್ಥ. ಸಮುದ್ರದಂತೆ ಅಗಲವಾಗಿರುವ ಸೇಂಟ್ ಲಾರೆನ್ಸ್ ನದಿ ಆ ಬಂಡೆಯ ಬಳಿ ಸುಮಾರು ಒಂದು ಕಿಲೋಮೀಟರಿಗೆ ಕುಗ್ಗುತ್ತದೆ. ಮೇಲೆ ನಿಂತವನ ಕಣ್ಣು ತಪ್ಪಿಸಿ ಹಡಗು ಹೋಗಲಾರದು. ಇದನ್ನು ಕಂಡೇ 1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನ್ ಎಂಬ ಫ್ರೆಂಚ್ ನಾವಿಕ ಇಲ್ಲಿ ವಸತಿ ಕಟ್ಟಿದ. 1759ರಲ್ಲಿ ಬ್ರಿಟಿಷ್ ಸೈನ್ಯ ರಾತ್ರೋರಾತ್ರಿ ಬಂಡೆ ಹತ್ತಿ, ಊರ ಪಕ್ಕದ ಬಯಲಿನಲ್ಲಿ ಫ್ರೆಂಚರನ್ನು ಸೋಲಿಸಿತು. ಗೆದ್ದ ಸೇನಾಪತಿ ವುಲ್ಫ್, ಸೋತ ಸೇನಾಪತಿ ಮೋಂಕಾಮ್, ಇಬ್ಬರೂ ಆ ಕಾಳಗದ ಗಾಯದಿಂದಲೇ ಸತ್ತರು. ರಾಜ್ಯ ಕೈಬಿಟ್ಟರೂ ಜನ ಭಾಷೆ ಬಿಡಲಿಲ್ಲ. ಅಲ್ಲಿನ ಪ್ರತಿ ಕಾರಿನ ನಂಬರ್ ಪ್ಲೇಟಿನ ಮೇಲೂ 'ನನಗೆ ನೆನಪಿದೆ' ಎಂದು ಫ್ರೆಂಚಿನಲ್ಲಿ ಬರೆದಿರುತ್ತದೆ. ಊರಿನ ಸುತ್ತ 4.6 ಕಿಲೋಮೀಟರು ಉದ್ದದ ಕೋಟೆ ಗೋಡೆ. ಮೆಕ್ಸಿಕೋದಿಂದ ಉತ್ತರಕ್ಕೆ ಹೀಗೆ ಕೋಟೆ ಉಳಿಸಿಕೊಂಡ ಊರು ಇದೊಂದೇ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆ ಗೋಡೆಯ ಮೇಲೆ ನಡೆಯಲು ದುಡ್ಡು ಕೊಡಬೇಕಿಲ್ಲ.

ಯಾವಾಗ ಹೋಗುವುದು ಎನ್ನುವುದರಲ್ಲೇ ಅರ್ಧ ಖರ್ಚು ನಿರ್ಧಾರವಾಗುತ್ತದೆ. ಚಳಿಗಾಲದಲ್ಲಿ ಹಿಮದ ಜಾತ್ರೆ, ಜುಲೈನಲ್ಲಿ ಸಂಗೀತೋತ್ಸವ, ಅಕ್ಟೋಬರಿನಲ್ಲಿ ಎಲೆಗಳು ಕೆಂಪಾಗುವ ಸಂಭ್ರಮ. ಆಗೆಲ್ಲ ರೂಮಿನ ದರ ದಸರಾ ಕಾಲದ ಮೈಸೂರಿನ ಹಾಗೆ. ಮೇ ತಿಂಗಳ ಮೊದಲ ವಾರಗಳಲ್ಲಿ ಹಿಮ ಕರಗಿರುತ್ತದೆ, ಪ್ರವಾಸಿಗರ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ವಾರದ ಲೆಕ್ಕವೂ ಇದೆ. ಶುಕ್ರವಾರ, ಶನಿವಾರ ದುಬಾರಿ. ಭಾನುವಾರ ರಾತ್ರಿ ಇಳಿಯುತ್ತದೆ. ಪುಟ್ಟಿಯ ಶಾಲೆಯಲ್ಲಿ ಒಂದು ಸೋಮವಾರ ಶಿಕ್ಷಕರಿಗೆ ಮಾತ್ರ ಕೆಲಸ, ಮಕ್ಕಳಿಗೆ ರಜೆ ಇತ್ತು. ಮಂಗಳವಾರದ ರಜೆಗೆ ಅವಳಮ್ಮನ ಹತ್ತಿರ ನಾನೇ ಶಿಫಾರಸು ಮಾಡಿದೆ.

ಇನ್ನು ರೂಮು. ಪುಟ್ಟಿ ಕಂಪ್ಯೂಟರಿನ ಮುಂದೆ, ನಾನು ನೋಟ್ ಪುಸ್ತಕದ ಮುಂದೆ. ಮೊದಲ ಪಾಠ ತೆರಿಗೆಯದು. ಕೆನಡಾದಲ್ಲಿ ತೋರಿಸುವ ಬೆಲೆ ಬೇರೆ, ಕೊಡುವ ಬೆಲೆ ಬೇರೆ. ರೂಮಿಗೆ 120 ಡಾಲರ್ ಎಂದಿದ್ದರೆ ಅದಕ್ಕೆ ಮೊದಲು 3.5 ಶೇಕಡಾ ವಸತಿ ತೆರಿಗೆ. 124 ಡಾಲರ್ 20 ಸೆಂಟ್ ಆಯಿತು. ಅದರ ಮೇಲೆ ಕೇಂದ್ರದ ತೆರಿಗೆ 5 ಶೇಕಡಾ, ಪ್ರಾಂತ್ಯದ ತೆರಿಗೆ 9.975 ಶೇಕಡಾ. ಪುಟ್ಟಿ ಕ್ಯಾಲ್ಕುಲೇಟರ್ ಒತ್ತುವ ಮೊದಲೇ ನಾನು ಪೆನ್ಸಿಲಿನಲ್ಲಿ 142 ಡಾಲರ್ 80 ಸೆಂಟ್ ಎಂದು ಬರೆದಿದ್ದೆ. (ಈ ಒಂದು ವಿಷಯದಲ್ಲಿ ಮಾತ್ರ ತಾತ ಇನ್ನೂ ಮುಂದೆ!) ಒಂದು ರಾತ್ರಿಗೆ ನಮ್ಮ ದುಡ್ಡಿನಲ್ಲಿ 1,368 ರೂಪಾಯಿ ಹೆಚ್ಚು. ನಮ್ಮ ಕಾರ್ಡಿನಲ್ಲಿ ಕೊಟ್ಟರೆ ವಿದೇಶಿ ವಹಿವಾಟಿನ ಶುಲ್ಕ ಬೇರೆ. ಹೊರಡುವ ಮೊದಲೇ ಕಾರ್ಡಿಗೆ ವಿದೇಶದಲ್ಲಿ ಬಳಸುವ ಅನುಮತಿ ಕೊಟ್ಟುಕೊಳ್ಳಬೇಕು. ರೂಮಿನ ಬೀಗದ ಕೈ ಕೊಡುವಾಗ ಹೋಟೆಲಿನವರು ಕಾರ್ಡಿನ ಮೇಲೆ ಸ್ವಲ್ಪ ಹಣ ತಡೆಹಿಡಿಯುವುದೂ ಉಂಟು. ಅದು ಖರ್ಚಲ್ಲ, ಕೆಲವು ದಿನಗಳಲ್ಲಿ ಬಿಡುಗಡೆಯಾಗುತ್ತದೆ. ನನ್ನ ವಯಸ್ಸಿನವರು ಗಾಬರಿಯಾಗಿ ಮಗನಿಗೆ ಫೋನು ಮಾಡುವ ಅಗತ್ಯವಿಲ್ಲ.

ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಅಗ್ಗದ ದರ ಒಂದು, ವಾಪಸುಂಟು ಎಂಬ ಸ್ವಲ್ಪ ಹೆಚ್ಚಿನ ದರ ಇನ್ನೊಂದು ಇರುತ್ತದೆ. ಎಪ್ಪತ್ತು ದಾಟಿದವರು ಎರಡನೆಯದನ್ನೇ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ದೇಹ ನಮ್ಮನ್ನು ಕೇಳಿ ಜ್ವರ ತರಿಸಿಕೊಳ್ಳುವುದಿಲ್ಲ.

ಪುಸ್ತಕದಲ್ಲಿ ಉಳಿದದ್ದು ನಾಲ್ಕು ಜಾಗ. ಊರಾಚೆಯ ಮೋಟೆಲ್ 95 ಡಾಲರ್, ಎಲ್ಲಕ್ಕಿಂತ ಅಗ್ಗ. ಕಾರಿನವರಿಗೆ ಅದೇ ಸರಿ, ಏಕೆಂದರೆ ಹಳೆಯ ಊರಿನೊಳಗೆ ಕಾರು ನಿಲ್ಲಿಸಲು ಒಳ್ಳೆಯ ದುಡ್ಡು ಕೀಳುತ್ತಾರೆ. ನಮಗೆ ಕಾರಿಲ್ಲ. ಮೂರು ಜನ ದಿನಾ ಸಿಟಿ ಬಸ್ಸಿನಲ್ಲಿ ಬಂದು ಹೋಗಬೇಕು. ಅದಕ್ಕಿಂತ ಮುಖ್ಯ, ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಿ ಮಲಗಲು ರೂಮಿಗೆ ಬರುವಂತಿಲ್ಲ. ವಯಸ್ಸಾದವರ ಪ್ರವಾಸ ಉಳಿಯುವುದೂ ಕೆಡುವುದೂ ಆ ಒಂದು ಗಂಟೆಯಲ್ಲಿ. ಎರಡನೆಯದು ಯುವಜನರ ಹಾಸ್ಟೆಲ್. ಅಟ್ಟದ ಮಂಚ ನೋಡಿಯೇ ನನ್ನವಳು ಬೇಡ ಎಂದಳು. ಮೂರನೆಯದು ನನಗೆ ಬಹಳ ಇಷ್ಟವಾಗಿತ್ತು. ಆಗಲೇ ಹೇಳಿದೆನಲ್ಲ, ಆ ಸನ್ಯಾಸಿನಿಯರ ಹಳೆಯ ಮಠ, ಅದರಲ್ಲಿ ಈಗ ಅತಿಥಿಗಳೂ ತಂಗಬಹುದು. ಸನ್ಯಾಸಿನಿಯರ ಕೋಣೆಯಂಥದೇ ಪುಟ್ಟ ಕೋಣೆ, ಸ್ನಾನದಮನೆ ಮಾತ್ರ ಹೊರಗೆ. ಬೆಳಗಿನ ತಿಂಡಿ ಮೌನವಾಗಿ ತಿನ್ನಬೇಕು ಎಂದು ಓದಿದ ಪುಟ್ಟಿ, "ತಾತಾ, ನೋ!" ಎಂದು ಕೂಗಿಕೊಂಡಳು.

ನಾಲ್ಕನೆಯದು ಕೋಟೆಯೊಳಗಿನ ಹಳೆಯ ಮನೆ, ಈಗ ಚಿಕ್ಕ ಹೋಟೆಲ್. ದರ ಆ 120 ಡಾಲರ್. ಮೂರು ಮಹಡಿ, ಲಿಫ್ಟ್ ಇಲ್ಲ. ನಾನೂರು ವರ್ಷದ ಊರಿನಲ್ಲಿ ಇದು ಸಾಮಾನ್ಯ. ಮನೆ ಕಟ್ಟಿದಾಗ ಲಿಫ್ಟ್ ಎಲ್ಲಿತ್ತು? ನೆಲಮಾಳಿಗೆಯಲ್ಲಿ ರೂಮಿದೆಯೇ ಎಂದು ಕಂಪ್ಯೂಟರಿನಲ್ಲಿ ಎಲ್ಲೂ ಬರೆದಿರಲಿಲ್ಲ. "ಫೋನು ಮಾಡಿ ಕೇಳೋಣ" ಎಂದೆ. ನನ್ನ ಇಂಗ್ಲಿಷಿನಲ್ಲಿ ಕೇಳಬಹುದಿತ್ತು. ಆದರೆ ಫೋನನ್ನು ಪುಟ್ಟಿಯ ಕೈಗೆ ಕೊಟ್ಟೆ.

"ಬೋಂಜೂರ್ ಮದಾಂ" ಎಂದು ಶುರು ಮಾಡಿದಳು. ಅಲ್ಲಿ ನಮಸ್ಕಾರ ಹೇಳದೆ ವಿಷಯಕ್ಕೆ ಬರುವುದು ಒರಟುತನ. ಸ್ವಲ್ಪ ಹೊತ್ತಿಗೆ ಫೋನಿಗೆ ಕೈ ಅಡ್ಡ ಹಿಡಿದು ಅಜ್ಜಿಯ ಕಡೆ ತಿರುಗಿದಳು. ಅಜ್ಜಿಗೆ ಇಂಗ್ಲಿಷ್ ಹೇಳಿ ಪ್ರಯೋಜನವಿಲ್ಲ. ಒಂದು ಕ್ಷಣ ತಡವರಿಸಿ, "ಅಜ್ಜಿ, ನಿಂಗೆ... ಎಷ್ಟು ಮೆಟ್ಲು ಹತ್ತಕ್ಕೆ ಆಗತ್ತೆ? ಆಂಟಿ ಕೇಳ್ತಿದಾರೆ" ಎಂದಳು.

"ಮಹಡಿ ಮೆಟ್ಲು ಆಗಲ್ಲಮ್ಮ. ಹೊಸ್ತಿಲು ದಾಟ್ತೀನಿ, ಅಷ್ಟೇ. ಮಂಡಿ ನೋವು ಅಂತ ಹೇಳು."

"ಮಂಡಿ ಅಂದ್ರೆ?"

ಅಜ್ಜಿ ಮಂಡಿ ತಟ್ಟಿ ತೋರಿಸಿದಳು. "ಓ! ಜನೂ!" ಎಂದ ಪುಟ್ಟಿ ಅದನ್ನೇ ಫೋನಿಗೆ ಹೇಳಿದಳು. ಹೀಗೆ ಹತ್ತು ನಿಮಿಷ ಕನ್ನಡ ಫ್ರೆಂಚಾಯಿತು, ಫ್ರೆಂಚ್ ಕನ್ನಡವಾಯಿತು. ನಡುವೆ ಇಂಗ್ಲಿಷಿಗೆ ಕೆಲಸವೇ ಇರಲಿಲ್ಲ. ಕೆಳಗೆ, ಹಿತ್ತಿಲ ಕಡೆ, ಒಂದು ರೂಮಿದೆ; ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮಾತ್ರ ಕಾಣುತ್ತದೆ, ಪರವಾಗಿಲ್ಲವೇ ಎಂದು ಆಕೆ ಕೇಳಿದರಂತೆ. ಗೋಡೆ ನೋಡಲೆಂದೇ ಬರುತ್ತಿದ್ದೇವೆ ಎಂದು ಹೇಳು ಎಂದೆ. ಒಂದು ಅನುಮಾನ ಉಳಿದಿತ್ತು. ದರದಲ್ಲಿ 'ದೆಜನೆ' ಸೇರಿದೆ ಎಂದಿತ್ತು. ನಿಘಂಟು ಅದನ್ನು ಮಧ್ಯಾಹ್ನದ ಊಟ ಎನ್ನುತ್ತದೆ. ಫ್ರಾನ್ಸಿನಲ್ಲಿ ಹಾಗೆ, ಕೆಬೆಕ್‌ನಲ್ಲಿ ದೆಜನೆ ಎಂದರೆ ಬೆಳಗಿನ ತಿಂಡಿ ಎಂದು ಪುಟ್ಟಿ ತೀರ್ಪು ಕೊಟ್ಟಳು. ಮೂವರ ತಿಂಡಿ ಉಳಿದರೆ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಎರಡು ರಾತ್ರಿಗೆ 285 ಡಾಲರ್ 60 ಸೆಂಟ್ ಎಂದು ಕೆಂಪು ಗೆರೆ ಎಳೆದೆ.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿದೆವು. ಮೂರು ಗಂಟೆ ಚಿಲ್ಲರೆಯ ದಾರಿ. ಬಸ್ಸು, ರೈಲು ಎರಡೂ ಬಂದು ನಿಲ್ಲುವುದು ಕೆಳಗಿನ ಊರಿನ ನಿಲ್ದಾಣದಲ್ಲಿ. ಅರಮನೆಯ ಹಾಗಿರುವ ಕಟ್ಟಡ ಅದು. ಅಲ್ಲಿಂದ ಮೇಲಿನ ಊರಿಗೆ ಕಡಿದಾದ ಏರು. ಹತ್ತಿರವೇ ಎಂದು ಪೆಟ್ಟಿಗೆ ಎಳೆದುಕೊಂಡು ನಡೆಯಬಾರದು. ಟ್ಯಾಕ್ಸಿಗೆಂದು ಮೊದಲೇ ದುಡ್ಡು ಬರೆದಿಟ್ಟಿದ್ದೆ.

ಊಟದ ಮಾತು ಹೇಳಿಬಿಡುತ್ತೇನೆ. ಅಲ್ಲಿನ ಹೆಸರುವಾಸಿ ತಿನಿಸು 'ಪುಟೀನ್': ಆಲೂಗಡ್ಡೆ ಕರಿದು, ಚೀಸ್ ಚೂರು ಹಾಕಿ, ಮೇಲೆ ಬಿಸಿ ಸಾರು ಸುರಿಯುವುದು. ಆ ಸಾರು ಹೆಚ್ಚಾಗಿ ಮಾಂಸದ್ದು, ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಹೋಟೆಲಿನಲ್ಲಿ ಕೂತು ಉಂಡರೆ ಬೆಲೆಯ ಮೇಲೆ ತೆರಿಗೆ, ಅದರ ಜೊತೆ 15 ಶೇಕಡಾದಷ್ಟು ಟಿಪ್ಸು. ಅಂಗಡಿಯಲ್ಲಿ ಕೊಳ್ಳುವ ಬ್ರೆಡ್ಡು, ಹಾಲು, ಹಣ್ಣಿಗೆ ತೆರಿಗೆಯೇ ಇಲ್ಲ. ಬೀದಿ ಮೂಲೆಯ ಅಂಗಡಿಗೆ ಅವರು 'ದೆಪನೇರ್' ಎನ್ನುತ್ತಾರೆ, ಅಂದರೆ ಕಷ್ಟದಿಂದ ಪಾರು ಮಾಡುವವನು. ಎಂಥ ಒಳ್ಳೆಯ ಹೆಸರು! ದಿನಕ್ಕೊಂದು ಊಟ ಹೊರಗೆ, ಇನ್ನೊಂದಕ್ಕೆ ದೆಪನೇರ್‌ನ ಮೊಸರು, ಬಾಳೆಹಣ್ಣು, ಜೊತೆಗೆ ನನ್ನವಳು ಕಟ್ಟಿ ತಂದಿದ್ದ ಗೊಜ್ಜವಲಕ್ಕಿ ಪುಡಿ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ಕೊಳ್ಳಬೇಕಿಲ್ಲ.

ಬಂಡೆಯ ತುದಿಯಲ್ಲಿ ಹಸಿರು ಚಾವಣಿಯ ಗೋಪುರಗಳೊಂದಿಗೆ ನಿಂತಿರುವುದು ಶಾತೋ ಫ್ರಾಂತ್ನಾಕ್. 1893ರಲ್ಲಿ ರೈಲ್ವೆ ಕಂಪನಿಯವರು ತೆರೆದ ಹೋಟೆಲ್ ಅದು, ನಿಜವಾದ ಹೋಟೆಲ್. ಅಲ್ಲಿ ತಂಗುವುದು ನಮ್ಮ ಬಡ್ಡಿಗೆ ಎಟುಕದ ಮಾತು. ಆದರೆ ಒಳಗೆ ತಂಗಿದವರಿಗೆ ಹೋಟೆಲ್ ಕಾಣುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತವರಿಗೇ ಚೆನ್ನಾಗಿ ಕಾಣುತ್ತದೆ. ಆ ಬೆಂಚುಗಳಿರುವ ಮರದ ಹಲಗೆಯ ಜಗಲಿಯ ಹೆಸರು ಡಫರಿನ್ ಟೆರೇಸ್. ಡಫರಿನ್! ಅಜ್ಜಂದಿರಿಗೆ ಹೆಸರು ಹೊಳೆದಿರಬೇಕು. ಮುಂದೆ 1884ರಿಂದ 88ರವರೆಗೆ ನಮ್ಮ ದೇಶದ ವೈಸ್‌ರಾಯ್ ಆಗಿದ್ದವರು ಅವರೇ. ಹೆಂಗಸರ ವೈದ್ಯಕೀಯ ನೆರವಿಗೆ ಇಲ್ಲಿ ನಿಧಿ ಕೂಡಿಸಿದ್ದು ಅವರ ಪತ್ನಿ. ಅದಕ್ಕೂ ಮುಂಚೆ ಅವರು ಕೆನಡಾದ ಗವರ್ನರ್ ಜನರಲ್. ಊರಿನವರು ಕೋಟೆ ಕೆಡವಿ ರಸ್ತೆ ಅಗಲ ಮಾಡಲು ಹೊರಟಾಗ, ಬಾಗಿಲುಗಳನ್ನು ಅಗಲ ಮಾಡಿ ಗೋಡೆ ಉಳಿಸಿ ಎಂದು ಒಪ್ಪಿಸಿದರು.

ಸೋಮವಾರ ಬೆಳಗ್ಗೆ ಕೆಳಗಿನ ಊರು ನೋಡಿದೆವು. 'ಕುತ್ತಿಗೆ ಮುರಿಯುವ ಮೆಟ್ಟಿಲು' ಪುಟ್ಟಿಗೂ ನನಗೂ. ನನ್ನವಳಿಗೆ ಪಕ್ಕದಲ್ಲೇ 1879ರಿಂದ ಇರುವ ಏರುಬಂಡಿ, ಹಳಿಯ ಮೇಲೆ ಬಂಡೆಯನ್ನು ಹತ್ತಿಳಿಯುವ ಪೆಟ್ಟಿಗೆ. ಕೆಲವೇ ಡಾಲರಿನ ದೋಣಿಯಲ್ಲಿ ಆಚೆ ದಡದ ಲೆವಿ ಊರಿಗೆ ಹತ್ತು ಹನ್ನೆರಡು ನಿಮಿಷ. ದುಡ್ಡು ಕೊಟ್ಟು ನೋಡಿದ್ದರಲ್ಲಿ ಅದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಇಡೀ ಊರು ಬಂಡೆಯ ಸಮೇತ ನೀರಿನಿಂದ ಎದ್ದು ನಿಲ್ಲುತ್ತದೆ. ಮಧ್ಯಾಹ್ನ ರೂಮಿಗೆ ಬಂದು ಮಲಗಿದೆವು. ನಾಲ್ಕು ಗಂಟೆಗೆ ನನ್ನವಳೇ ಎದ್ದು, "ಏನೂಂದ್ರೆ, ಗೋಡೆ ಹತ್ತಿರ ಹೋಗೋಣ" ಎಂದಳು.

ಸೇಂಟ್ ಲೂಯಿ ಬಾಗಿಲಿನ ಬಳಿ ಹುಲ್ಲಿನ ಇಳಿಜಾರಿದೆ. ಪುಟ್ಟಿ ಅಜ್ಜಿಯ ಕೈ ಹಿಡಿದು ನಿಧಾನ ಹತ್ತಿಸಿದಳು. ಮೇಲೆ ಸಮತಟ್ಟಾದ ಹಾದಿ. ಒಂದು ಕಡೆ ಹಳೆಯ ಊರಿನ ಚಾವಣಿಗಳು, ಇನ್ನೊಂದು ಕಡೆ ಹೊಸ ಊರು. ಅಲ್ಲಿಂದ ಸೇಂಟ್ ಜಾನ್ ಬಾಗಿಲು ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅರ್ಧ ದಾರಿಗೆ ಸಾಕು ಎಂದುಕೊಂಡಿದ್ದೆ, ನನ್ನವಳು ಪೂರ್ತಿ ನಡೆದಳು. ತಂಪು ಗಾಳಿಗೆ ಶಾಲು ಹೊದ್ದು, ಚಿತ್ರದುರ್ಗದ ಕೋಟೆಯ ಓಬವ್ವನ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತಾ ಹೋದಳು. "ಒನಕೆ ಅಂದ್ರೆ?" "ಕಿಂಡಿ ಅಂದ್ರೆ?" ಎಂದು ಇವಳು ಕನ್ನಡದಲ್ಲೇ ಕೇಳುತ್ತಿದ್ದಳು. ನಾನು ಹಿಂದೆ ಉಳಿದೆ.

ಮಂಗಳವಾರ ವಾಪಸು ಬಸ್ಸಿನಲ್ಲಿ ಲೆಕ್ಕ ಮುಗಿಸಿದೆ. ಮಿಕ್ಕದ್ದು 41 ಡಾಲರ್, ಪುಟ್ಟಿಗೆ ಕೊಟ್ಟೆ. ನನ್ನ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ, ಖರ್ಚಿನ ಕಾಲಮ್ಮುಗಳ ಮೇಲೆಯೇ, ಅವಳು ಯಾವಾಗಲೋ ಡೊಂಕು ಅಕ್ಷರದಲ್ಲಿ ಮಂಡಿ, ಹೊಸ್ತಿಲು, ಒನಕೆ, ಕಿಂಡಿ ಎಂದು ಬರೆದಿದ್ದಳು. ಮೊದಲ ಎರಡರ ಎದುರು ಫ್ರೆಂಚ್ ಪದವಿತ್ತು. ಉಳಿದ ಎರಡರ ಎದುರು ಜಾಗ ಖಾಲಿ ಬಿಟ್ಟಿದ್ದಳು.