ಇನ್ನೂ ಒಂಬತ್ತು ಪಂದ್ಯ ಇದೆಯಲ್ಲ!

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ 20 ತಂಡಗಳು, ಒಂದೊಂದಕ್ಕೂ 38 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಕೊನೆಗೆ ತಳದಲ್ಲಿ ಉಳಿದ ಮೂರು ತಂಡಗಳಿಗೆ ಕೆಳದರ್ಜೆಗೆ ಹಿಂಬಡ್ತಿ.

2015ರ ಏಪ್ರಿಲ್ ಮೊದಲಲ್ಲಿ ಲೆಸ್ಟರ್ ಸಿಟಿ ತಂಡ ಎಲ್ಲರಿಗಿಂತ ಕೆಳಗಿತ್ತು. ಸೋದರಮಾವ ಆ ಊರಿನಲ್ಲಿದ್ದುದರಿಂದ ನನ್ನ ಮೊಮ್ಮಕ್ಕಳಿಬ್ಬರಿಗೂ ಅದೇ ತಂಡ.

"ಮುಗೀತು ತಾತ, ಇನ್ನು ನೋಡಿ ಏನು ಪ್ರಯೋಜನ?" ಎಂದ ಮೊಮ್ಮಗ.

"ಇನ್ನೂ ಒಂಬತ್ತು ಪಂದ್ಯ ಇದೆಯಲ್ಲ!" ಎಂದಳು ಅವನ ತಂಗಿ. ವಾದ ಜೋರಾಗಿ ಇಬ್ಬರೂ ಮಾತು ಬಿಟ್ಟರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 29 ಪಂದ್ಯಗಳಲ್ಲಿ ಗೆಲುವು ನಾಲ್ಕೇ, ಅಂಕ 19. ಅಣ್ಣನ ಅನುಮಾನ ನ್ಯಾಯವೇ. ಆದರೆ ಸಿಗಬಹುದಾದ ಅಂಕ ಇನ್ನೂ 27 ಇತ್ತು. ತಂಗಿಯ ಆಸೆಯೂ ಸುಳ್ಳಲ್ಲ. ಕಾಗದವನ್ನು ಇಬ್ಬರ ಮುಂದೂ ಇಟ್ಟೆ. ಮುಂದಿನ ಪಂದ್ಯಕ್ಕೆ ಇಬ್ಬರೂ ಒಂದೇ ಸೋಫಾದಲ್ಲಿ ಕೂತರು.

ಆ ಒಂಬತ್ತರಲ್ಲಿ ಲೆಸ್ಟರ್ ಏಳು ಗೆದ್ದಿತು, ಒಂದು ಡ್ರಾ. 41 ಅಂಕದೊಂದಿಗೆ 14ನೇ ಸ್ಥಾನದಲ್ಲಿ ಉಳಿಯಿತು. ಮರುವರ್ಷ ಅದೇ ತಂಡ ಚಾಂಪಿಯನ್!

ಆದರೆ ಮಕ್ಕಳೇ, ಪ್ರತಿಸಲ ಹಾಗಾಗುವುದಿಲ್ಲ. 2023ರಲ್ಲಿ ಲೆಸ್ಟರ್ ಕೊನೆಯ ಪಂದ್ಯ ಗೆದ್ದರೂ, ಅದೇ ಹೊತ್ತಿಗೆ ಎವರ್ಟನ್ ಕೂಡ ಗೆದ್ದದ್ದರಿಂದ ಕೆಳಗಿಳಿಯಿತು. ಮೊಮ್ಮಗಳು ಟಿವಿ ಆರಿಸಿ ಸುಮ್ಮನೆ ಕೂತಳು. ಹಾಸ್ಟೆಲಿನಿಂದ ಅಣ್ಣನ ಫೋನ್ ಬಂತು: "ಅಳಬೇಡ ಕಣೇ. ಇನ್ನು ಕೆಳದರ್ಜೆಯ ಪಂದ್ಯಗಳನ್ನೇ ನೋಡೋಣ."